ರಾಂಟ್‌ಜೆನ್ ಮತ್ತು ನಮ್ಮ ಸೀಮೆಯ ಎದೆಫೋಟೊ

ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎಂದು ಹೆಸರಿಡುವುದು ಶಾಲಾ ಮಕ್ಕಳಿಗೂ ತಿಳಿದ ರೂಢಿ. ತಾನು ಕಂಡ ಕಿರಣದ ಸ್ವರೂಪ ತನಗೇ ತಿಳಿದಿಲ್ಲವೆಂದು ಒಪ್ಪಿಕೊಂಡು ಅದಕ್ಕೂ ಅದೇ ಅಕ್ಷರವನ್ನಿಟ್ಟವನು ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್. ಲೋಕವು ಆತನ ಹೆಸರನ್ನೇ ಕಿರಣಕ್ಕೆ ಇಡಹೊರಟಾಗಲೂ ಆತ ಎಕ್ಸ್ ಎಂಬುದನ್ನು ಬಿಡಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಈ ಎರಡು ಹೆಸರುಗಳ ಗೊಡವೆಯೇ ಇಲ್ಲ. ಅಲ್ಲಿ ಹಿರಿಯರ ಪಾಲಿಗೆ ಅದು ಈಗಲೂ ಎದಿ ಫೋಟೊ. ಆ ಸೀಮೆಯಲ್ಲಿ ವೈದ್ಯನಾಗಿ ಬಹುಕಾಲ ಕಳೆದ ನನಗೆ ಈ ಹೆಸರೇ ಹೆಚ್ಚು ನಿಜವೆನ್ನಿಸುತ್ತದೆ, ಹೆಚ್ಚು ಅಪಾಯಕಾರಿಯೆಂದೂ ಅನ್ನಿಸುತ್ತದೆ. ಫೋಟೊ ಎಂದೊಡನೆ ಕಂಡದ್ದೆಲ್ಲ ಇದೆ, ಕಾಣದ್ದು ಇಲ್ಲ ಎಂಬ ನಂಬಿಕೆ ಹುಟ್ಟುತ್ತದೆ. ಎಚ್‌ಐವಿ ಸೋಂಕಿತರ ಎದೆಯಲ್ಲಿ ಕ್ಷಯವನ್ನು ಹುಡುಕುವಾಗ ಈ ನಂಬಿಕೆಯು ಪ್ರಾಣಕ್ಕೇ ಎರವಾಗಬಲ್ಲದು. ಆ ಕಾರಣದಿಂದಲೇ ಕಿರಣವನ್ನು ಕಂಡವನ ಬದುಕನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸಿತು.

ರಾಂಟ್‌ಜೆನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ರೈನ್ ಪ್ರಾಂತ್ಯದ ಲೆನೆಪ್ ಎಂಬ ಸಣ್ಣ ಊರಿನಲ್ಲಿ. ತಂದೆ ಬಟ್ಟೆ ತಯಾರಿಕೆ ಮತ್ತು ವ್ಯಾಪಾರದಲ್ಲಿದ್ದವರು, ತಾಯಿ ಹಾಲೆಂಡಿನ ಮನೆತನದವಳು. ಒಬ್ಬನೇ ಮಗ. ಮಗುವಿಗೆ ಮೂರು ವರ್ಷವಾಗಿದ್ದಾಗ ಕುಟುಂಬ ಹಾಲೆಂಡಿನ ಅಪೆಲ್‌ಡೋರ್ನ್‌ಗೆ ವಲಸೆ ಹೋಯಿತು. ಬಾಲಕ ಓದಿನಲ್ಲಿ ವಿಶೇಷವಾಗಿ ಮಿಂಚಿದವನಲ್ಲ. ಬಯಲಿನಲ್ಲಿ, ಕಾಡಿನಲ್ಲಿ ಅಲೆಯುವುದು ಮತ್ತು ಸಣ್ಣಪುಟ್ಟ ಯಂತ್ರಗಳನ್ನು ಕೈಯಾರೆ ಮಾಡುವುದು ಅವನಿಗೆ ಪ್ರಿಯವಾಗಿತ್ತು. ಉಟ್ರೆಕ್ಟ್ ನಗರದ ತಾಂತ್ರಿಕ ಶಾಲೆಯಲ್ಲಿದ್ದಾಗ ಯಾರೋ ಸಹಪಾಠಿ ಶಿಕ್ಷಕರೊಬ್ಬರ ವ್ಯಂಗ್ಯಚಿತ್ರ ಬರೆದ. ಬರೆದವನ ಹೆಸರು ಹೇಳಲು ರಾಂಟ್‌ಜೆನ್ ಒಪ್ಪಲಿಲ್ಲ. ಶಾಲೆಯು ಅವನನ್ನೇ ಹೊರಗಟ್ಟಿತು.

ಈ ಸಣ್ಣ ಪ್ರಸಂಗದ ಬಡ್ಡಿಯನ್ನು ಆತ ಹಲವು ವರ್ಷ ತೆತ್ತ. ಶಾಲೆಯ ಅಂತಿಮ ಪ್ರಮಾಣಪತ್ರವಿಲ್ಲದೆ ಹಾಲೆಂಡಿನ ವಿಶ್ವವಿದ್ಯಾಲಯಕ್ಕೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರುವಂತಿರಲಿಲ್ಲ. ಹೊರಗಿನವನಾಗಿ ಕೂತು ಪಾಠ ಕೇಳಬೇಕಾಯಿತು. ಕೊನೆಗೆ ಪ್ರಮಾಣಪತ್ರ ಕೇಳದೆ ಪ್ರವೇಶ ಪರೀಕ್ಷೆಯನ್ನಷ್ಟೇ ನೋಡುವ ಸಂಸ್ಥೆಯೊಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದೆಯೆಂದು ತಿಳಿದು 1865ರಲ್ಲಿ ಅಲ್ಲಿನ ಪಾಲಿಟೆಕ್ನಿಕ್ ಸೇರಿದ. ಯಂತ್ರ ಎಂಜಿನಿಯರಿಂಗ್ ಓದಿ 1868ರಲ್ಲಿ ಡಿಪ್ಲೊಮಾ, ಮರುವರ್ಷ ಅನಿಲಗಳ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದ. ಭೌತವಿಜ್ಞಾನಿ ಆಗಸ್ಟ್ ಕುಂಟ್ ಈ ತರುಣನ ಕೈಚಳಕವನ್ನು ಗುರುತಿಸಿ ಸಹಾಯಕನನ್ನಾಗಿ ಇಟ್ಟುಕೊಂಡರು. 1870ರಲ್ಲಿ ಗುರುವಿನೊಡನೆ ವುರ್ಟ್ಸ್‌ಬರ್ಗ್‌ಗೆ ಹೋದಾಗ ಮತ್ತೆ ಅದೇ ಹಳೆಯ ಪ್ರಶ್ನೆ: ಶಾಲೆಯ ಪ್ರಮಾಣಪತ್ರ ಎಲ್ಲಿ? ಅದು ಇಲ್ಲವೆಂಬ ಕಾರಣಕ್ಕೆ ಅಲ್ಲಿನ ವಿಶ್ವವಿದ್ಯಾಲಯ ಅವನಿಗೆ ಅಧ್ಯಾಪನದ ಅರ್ಹತೆ ನೀಡಲಿಲ್ಲ. ಅದೇ ವಿಶ್ವವಿದ್ಯಾಲಯ 1888ರಲ್ಲಿ ಅವನನ್ನು ಪ್ರಾಧ್ಯಾಪಕನನ್ನಾಗಿ ಕರೆಸಿಕೊಂಡಿತು, 1894ರಲ್ಲಿ ರೆಕ್ಟರ್ ಪದವಿಯಲ್ಲಿ ಕೂರಿಸಿತು. ಅಂಕಪಟ್ಟಿಯೊಂದನ್ನೇ ಮಗುವಿನ ಜಾತಕವೆಂದು ನಂಬುವ ನಮ್ಮ ಮಧ್ಯಮವರ್ಗದ ತಂದೆತಾಯಿಯರು ಈ ಭಾಗವನ್ನು ಎರಡು ಬಾರಿ ಓದಿದರೆ ನಷ್ಟವಿಲ್ಲ.

ಜ್ಯೂರಿಕ್‌ನ ದಿನಗಳಲ್ಲಿ ವಿದ್ಯಾರ್ಥಿಗಳು ಸೇರುತ್ತಿದ್ದ ಖಾನಾವಳಿಯೊಂದರ ಮಾಲೀಕನ ಮಗಳು ಆನಾ ಬರ್ತಾ ಲುಡ್ವಿಗ್. ರಾಂಟ್‌ಜೆನ್‌ಗಿಂತ ಆರು ವರ್ಷ ಹಿರಿಯಳು. 1872ರಲ್ಲಿ ಅವರ ಮದುವೆಯಾಯಿತು. ಮಕ್ಕಳಾಗಲಿಲ್ಲ, 1887ರಲ್ಲಿ ಬರ್ತಾಳ ಅಣ್ಣನ ಆರು ವರ್ಷದ ಮಗಳನ್ನು ಮನೆಗೆ ತಂದು ಸಾಕಿಕೊಂಡರು. ಸ್ಟ್ರಾಸ್‌ಬರ್ಗ್, ಹೋಹೆನ್‌ಹೈಮ್, ಗೀಸನ್ ಹೀಗೆ ಊರೂರು ತಿರುಗಿದ ಅಧ್ಯಾಪಕನ ಸಂಸಾರ. ಈ ಅವಧಿಯಲ್ಲಿ ಆತ ಮಾಡಿದ ಕೆಲಸ ಅನಿಲಗಳ ಶಾಖ, ಸ್ಫಟಿಕಗಳ ಗುಣ, ವಿದ್ಯುತ್ತು ಮುಂತಾದ ವಿಷಯಗಳಲ್ಲಿ ನಿಖರ ಅಳತೆಯದು. ಹೆಚ್ಚಾಗಿ ಒಬ್ಬನೇ ಕೆಲಸ ಮಾಡುತ್ತಿದ್ದ. ಬೇಕಾದ ಉಪಕರಣಗಳನ್ನು ಬಹುತೇಕ ತಾನೇ ಕಟ್ಟಿಕೊಳ್ಳುತ್ತಿದ್ದ. ಐವತ್ತನೆಯ ವಯಸ್ಸಿಗೆ ಗೌರವಾನ್ವಿತ ಪ್ರಾಧ್ಯಾಪಕ. ಊರಾಚೆ ಹೆಸರು ಬಲ್ಲವರು ಕಡಿಮೆ.

1895ರ ನವೆಂಬರ್ 8, ಶುಕ್ರವಾರ ಸಂಜೆ. ಗಾಳಿಯನ್ನು ಬಹುಪಾಲು ಹೊರತೆಗೆದ ಗಾಜಿನ ನಳಿಕೆಯೊಳಗೆ ವಿದ್ಯುತ್ ಹರಿಸಿದಾಗ ಹುಟ್ಟುವ ಕ್ಯಾಥೋಡ್ ಕಿರಣಗಳನ್ನು ಆ ಕಾಲದಲ್ಲಿ ಯುರೋಪಿನ ಅನೇಕರು ಪರೀಕ್ಷಿಸುತ್ತಿದ್ದರು. ರಾಂಟ್‌ಜೆನ್ ನಳಿಕೆಗೆ ಕಪ್ಪು ರಟ್ಟನ್ನು ಸುತ್ತಿ, ಬೆಳಕಿನ ಎಳೆಯೂ ಹೊರಬರದಂತೆ ಮಾಡಿ, ಕೋಣೆಯನ್ನು ಕತ್ತಲಾಗಿಸಿದ್ದ. ಆಗ ಸ್ವಲ್ಪ ದೂರದಲ್ಲಿದ್ದ, ಬೇರಿಯಂ ಪ್ಲಾಟಿನೊಸಯನೈಡ್ ಲೇಪಿಸಿದ ಪರದೆಯೊಂದು ಮಿನುಗಿತು. ಕ್ಯಾಥೋಡ್ ಕಿರಣಗಳು ಗಾಳಿಯಲ್ಲಿ ಅಷ್ಟು ದೂರ ಸಾಗಲಾರವು. ಇದು ಬೇರೆ ಏನೋ. ಇಂಥ ಮಿನುಗು, ಅಥವಾ ಮುಚ್ಚಿಟ್ಟ ಫೋಟೊ ಫಲಕಗಳು ಮಸುಕಾಗುವುದು, ಬೇರೆ ಪ್ರಯೋಗಾಲಯಗಳಲ್ಲಿಯೂ ನಡೆದಿತ್ತು. ಫಲಕ ಕೆಟ್ಟಿತೆಂದು ಎಸೆದವರೂ ಇದ್ದರು.

ರಾಂಟ್‌ಜೆನ್ ಎಸೆಯಲಿಲ್ಲ, ಹಾಗೆಂದು ಡಂಗುರ ಹೊಡೆಯಲೂ ಇಲ್ಲ. ಮುಂದಿನ ಏಳು ವಾರ ಆತ ಪ್ರಯೋಗಾಲಯದಲ್ಲೇ ಉಂಡು, ಅಲ್ಲಿಯೇ ಮಲಗಿ, ಸಹಾಯಕರಿಗೂ ಏನೂ ಹೇಳದೆ ತನ್ನ ಕಣ್ಣನ್ನೇ ಪರೀಕ್ಷಿಸಿಕೊಂಡ. ಕಿರಣಕ್ಕೆ ಕಾಗದ, ಮರ, ದಪ್ಪ ಪುಸ್ತಕ, ಅಲ್ಯುಮಿನಿಯಂ ಹಾಳೆಗಳನ್ನು ಒಡ್ಡಿದ; ಸೀಸ ತಡೆಯುತ್ತದೆಂಬುದನ್ನು ಕಂಡ. ಕಿರಣವು ಅಯಸ್ಕಾಂತಕ್ಕೆ ಬಾಗುವುದಿಲ್ಲ, ಪಟ್ಟಕದಲ್ಲಿ ವಕ್ರವಾಗುವುದಿಲ್ಲ. ಸೀಸದ ತುಂಡನ್ನು ಕೈಯಲ್ಲಿ ಹಿಡಿದಾಗ ಪರದೆಯ ಮೇಲೆ ತನ್ನದೇ ಬೆರಳಿನ ಎಲುಬುಗಳು ಮೂಡಿದ್ದನ್ನು ಆತ ಕಂಡನಂತೆ. ಕಣ್ಣಿಗೆ ಭ್ರಮೆಯಾಗಬಹುದು, ಫೋಟೊ ಫಲಕಕ್ಕೆ ಆಗದು ಎಂದು ಫಲಕವನ್ನು ಸಾಕ್ಷಿಗೆ ಕರೆದ. ಡಿಸೆಂಬರ್ 22ರಂದು ಬರ್ತಾಳನ್ನು ಕೆಳಗೆ ಕರೆಸಿ ಆಕೆಯ ಕೈಯನ್ನು ಸುಮಾರು ಹದಿನೈದು ನಿಮಿಷ ಫಲಕದ ಮೇಲೆ ಇರಿಸಿದ. ಎಲುಬುಗಳೂ ಬೆರಳಿನಲ್ಲಿ ತೂಗಾಡುವಂತಿದ್ದ ಉಂಗುರವೂ ಮೂಡಿದವು. ತನ್ನ ಸಾವನ್ನೇ ಕಂಡಂತಾಯಿತೆಂದು ಆಕೆ ಬೆದರಿದಳೆಂಬ ಮಾತು ಪ್ರಚಲಿತದಲ್ಲಿದೆ. ಎಕ್ಸ್‌ರೇ ಕೋಣೆಯಿಂದ ಹೊರಬರುವ ರೋಗಿಗಳ ಮುಖವನ್ನು ಕಂಡಿರುವ ನಾನು ಅದನ್ನು ನಂಬಲು ಸಿದ್ಧ.

ಡಿಸೆಂಬರ್ 28ರಂದು ವುರ್ಟ್ಸ್‌ಬರ್ಗ್‌ನ ಭೌತ-ವೈದ್ಯಕೀಯ ಸಂಘಕ್ಕೆ ಒಂದು ಚಿಕ್ಕ ಬರಹ ಸಲ್ಲಿಸಿದ. ಹೊಸವರ್ಷದ ದಿನ ಅದರ ಮುದ್ರಿತ ಪ್ರತಿಗಳೂ ಫೋಟೊಗಳೂ ಪರಿಚಿತ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೋದವು. 1896ರ ಜನವರಿ 5ರಂದು ವಿಯೆನ್ನಾದ ಪತ್ರಿಕೆಯೊಂದು ಸುದ್ದಿಯನ್ನು ಅಚ್ಚುಹಾಕಿತು. ಕೆಲವೇ ದಿನಗಳಲ್ಲಿ ಅದು ಖಂಡಾಂತರ ತಲುಪಿತು. ಜನವರಿ 13ರಂದು ಬರ್ಲಿನ್‌ನಲ್ಲಿ ಚಕ್ರವರ್ತಿಯ ಮುಂದೆ ಪ್ರದರ್ಶನ. ಜನವರಿ 23ರಂದು ವುರ್ಟ್ಸ್‌ಬರ್ಗ್‌ನಲ್ಲಿ ಉಪನ್ಯಾಸ; ಅಲ್ಲಿ ವೃದ್ಧ ಅಂಗರಚನಾಶಾಸ್ತ್ರಜ್ಞ ಕೊಲ್ಲಿಕರ್ ಅವರ ಕೈಯ ಚಿತ್ರ ತೆಗೆದಾಗ ಅವರೇ ಈ ಕಿರಣಕ್ಕೆ ರಾಂಟ್‌ಜೆನ್ ಹೆಸರನ್ನು ಸೂಚಿಸಿದರು. ಅದರ ನಂತರ ಆತ ಸಾರ್ವಜನಿಕ ಉಪನ್ಯಾಸಗಳಿಂದ ದೂರವೇ ಉಳಿದ. ಈ ಕಿರಣದ ಬಗ್ಗೆ ಆತ ಬರೆದದ್ದು ಒಟ್ಟು ಮೂರೇ ಪ್ರಬಂಧ, ಮೂರನೆಯದು 1897ರದು. 1901ರಲ್ಲಿ ಭೌತವಿಜ್ಞಾನದ ಮೊದಲ ನೊಬೆಲ್ ಬಹುಮಾನ ಬಂದಾಗ ಸ್ಟಾಕ್‌ಹೋಮ್‌ಗೆ ಹೋಗಿ ಸ್ವೀಕರಿಸಿದ, ಆದರೆ ರೂಢಿಯ ಭಾಷಣ ಮಾಡಲಿಲ್ಲ. ಬಹುಮಾನದ ಹಣವನ್ನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟ. ಕುಲೀನರ ಪಂಕ್ತಿಗೆ ಸೇರಿಸುವ ಬಿರುದನ್ನು ಹೆಸರಿನ ಮುಂದೆ ಹಚ್ಚಿಕೊಳ್ಳಲಿಲ್ಲ.

ಎಲ್ಲಕ್ಕಿಂತ ಮುಖ್ಯ, ಪೇಟೆಂಟ್ ಪಡೆಯಲಿಲ್ಲ. ಜರ್ಮನಿಯ ದೊಡ್ಡ ವಿದ್ಯುತ್ ಕಂಪನಿಯೊಂದು ಒಪ್ಪಂದಕ್ಕೆ ಬಂದಾಗ, ವಿಶ್ವವಿದ್ಯಾಲಯದಲ್ಲಿ ಕಂಡದ್ದು ಎಲ್ಲರಿಗೂ ಸೇರಿದ್ದೆಂಬ ಭಾವನೆಯಿಂದ ಆತ ನಿರಾಕರಿಸಿದ. 1896ರ ಒಂದೇ ವರ್ಷದಲ್ಲಿ ಈ ವಿದ್ಯೆ ಜಗತ್ತಿನ ಆಸ್ಪತ್ರೆಗಳನ್ನು ಹೊಕ್ಕಿತು; ಬಾಗಿಲಲ್ಲಿ ಸುಂಕದವನಿರಲಿಲ್ಲ ಎಂಬುದು ಅದರ ವೇಗಕ್ಕೆ ಒಂದು ಕಾರಣ. ನಮ್ಮ ತಾಲ್ಲೂಕು ಕೇಂದ್ರಗಳ ಸಾಮಾನ್ಯ ಆಸ್ಪತ್ರೆಗಳಲ್ಲೂ ಎದೆಯ ಎಕ್ಸ್‌ರೇ ಬಡವನ ಕೈಗೆಟಕುವ ಪರೀಕ್ಷೆಯಾಗಿರುವುದನ್ನು ಕಂಡಾಗಲೆಲ್ಲ ನನಗೆ ಆ ನಿರಾಕರಣೆಯ ನೆನಪಾಗುತ್ತದೆ. ವಿಕಿರಣದ ಹಾನಿಗೆ ತುತ್ತಾಗಿ ಬೆರಳು, ಕೈ, ಕೊನೆಗೆ ಜೀವ ಕಳೆದುಕೊಂಡ ಆರಂಭಕಾಲದ ತಂತ್ರಜ್ಞರನ್ನೂ ಇಲ್ಲಿ ನೆನೆಯಬೇಕು. 1904ರಲ್ಲಿ ತೀರಿಕೊಂಡ ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಅವರಲ್ಲೊಬ್ಬ. ರಾಂಟ್‌ಜೆನ್ ಮಾತ್ರ ತನ್ನ ಫಲಕಗಳನ್ನು ಕಾಪಾಡಲು ಕಟ್ಟಿಸಿದ್ದ ಸತುವಿನ ದೊಡ್ಡ ಪೆಟ್ಟಿಗೆಯೊಳಗೆ ನಿಂತು ಕೆಲಸ ಮಾಡಿದ್ದರಿಂದ ಅರಿವಿಲ್ಲದೆಯೇ ಬದುಕಿಕೊಂಡ.

ಕ್ಷಯದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಜಗತ್ತಿಗೆ ತೋರಿಸಿದ್ದರು. ಹದಿಮೂರು ವರ್ಷಗಳ ಬಳಿಕ ಬಂದ ರಾಂಟ್‌ಜೆನ್ ಕಿರಣವು ಆ ಸೂಕ್ಷ್ಮಾಣು ಎದೆಯೊಳಗೆ ಮಾಡುವ ದಾಂಧಲೆಯನ್ನು ಬದುಕಿರುವಾಗಲೇ ನೋಡುವ ಅವಕಾಶ ಕೊಟ್ಟಿತು. ಬಾಸ್ಟನ್ನಿನ ವೈದ್ಯ ಫ್ರಾನ್ಸಿಸ್ ವಿಲಿಯಮ್ಸ್ 1896ರಲ್ಲಿಯೇ ಕ್ಷಯರೋಗಿಗಳನ್ನು ಮಿನುಗುವ ಪರದೆಯ ಹಿಂದೆ ನಿಲ್ಲಿಸಿ, ರೋಗ ಹಿಡಿದ ಶ್ವಾಸಕೋಶ ಮಸುಕಾಗಿರುವುದನ್ನೂ ಆ ಬದಿಯ ವಪೆ ಸರಿಯಾಗಿ ಇಳಿಯದಿರುವುದನ್ನೂ ಗುರುತಿಸಿದರು. 1936ರಲ್ಲಿ ಬ್ರೆಜಿಲ್‌ನ ಮನೋಯಲ್ ದೆ ಅಬ್ರೂ ಪರದೆಯ ಚಿತ್ರವನ್ನು ಚಿಕ್ಕ ಫಿಲ್ಮಿನ ಮೇಲೆ ಇಳಿಸಿ, ದಿನಕ್ಕೆ ನೂರಾರು ಜನರ ಎದೆಯನ್ನು ಅಗ್ಗವಾಗಿ ನೋಡುವ ದಾರಿ ತೆರೆದರು. ಭಾರತದಲ್ಲಿ 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಇಂಥ ಯಂತ್ರಗಳನ್ನು ಹೊತ್ತ ವಾಹನಗಳು ಹಳ್ಳಿಗಳನ್ನು ಸುತ್ತಿದವು. ಕ್ಷಯವು ಪಟ್ಟಣದ ಗಲ್ಲಿಗಳ ರೋಗ ಎಂಬ ನಂಬಿಕೆ ಆಗ ಕುಸಿಯಿತು. ಹಳ್ಳಿಗಳಲ್ಲೂ ಅದು ಅಷ್ಟೇ ಹರಡಿತ್ತು.

ಮುಂದಿನ ಅಧ್ಯಾಯ ನಮ್ಮ ರಾಜ್ಯದಲ್ಲೇ ನಡೆಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಸೀಮೆಯ ಹಳ್ಳಿಗಳ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದತಕ್ಕದ್ದು. ಹಳ್ಳಿಗರು ರೋಗದ ಅರಿವಿಲ್ಲದೆ ಮನೆಯಲ್ಲಿ ಕೂತಿರುತ್ತಾರೆಂದು ತಜ್ಞರು ಭಾವಿಸಿದ್ದರು. ಆದರೆ ಕಫದಲ್ಲಿ ಸೂಕ್ಷ್ಮಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದಾಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕೆಮ್ಮಿನ ಔಷಧದ ಸೀಸೆ ಹಿಡಿದು ವಾಪಸಾಗಿದ್ದರು. ಹೀಗಿರುವಾಗ ಎಕ್ಸ್‌ರೇ ವಾಹನದಲ್ಲಿ ಊರೂರು ಅಲೆಯುವುದಕ್ಕಿಂತ, ಕೆಮ್ಮುತ್ತ ಬಂದವನ ಕಫವನ್ನು ಸೂಕ್ಷ್ಮದರ್ಶಕದಡಿ ನೋಡುವುದೇ ಬಡದೇಶಕ್ಕೆ ಸರಿ ಎಂಬ ತೀರ್ಮಾನ ಮೂಡಿತು. ಎಕ್ಸ್‌ರೇ ಓದುವವರ ನಡುವಿನ ಭಿನ್ನಾಭಿಪ್ರಾಯವೂ ಈ ವಾದಕ್ಕೆ ಒದಗಿತು. ಇಬ್ಬರು ನುರಿತ ವೈದ್ಯರು ಒಂದೇ ಫಿಲ್ಮನ್ನು ಬೇರೆಬೇರೆಯಾಗಿ ಓದುತ್ತಾರೆ, ಅಷ್ಟೇಕೆ, ಅದೇ ವೈದ್ಯ ಕೆಲವು ತಿಂಗಳ ನಂತರ ತನ್ನ ಅಭಿಪ್ರಾಯಕ್ಕೆ ತಾನೇ ವಿರುದ್ಧ ಹೇಳುತ್ತಾನೆ ಎಂಬುದನ್ನು 1940ರ ದಶಕದ ಕೊನೆಯಲ್ಲಿಯೇ ಅಮೆರಿಕದ ಯೆರುಷಾಲ್ಮಿ ತೋರಿಸಿಕೊಟ್ಟಿದ್ದರು. 1997ರಲ್ಲಿ ಆರಂಭವಾದ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮವೂ ಕಫವನ್ನು ಮುಂದಿಟ್ಟು ಎಕ್ಸ್‌ರೇಯನ್ನು ಹಿಂದಿನ ಬೆಂಚಿಗೆ ಕಳಿಸಿತು. ಆ ಕಾಲಕ್ಕೆ ಅದು ವಿವೇಕದ ನಿರ್ಧಾರವೇ ಆಗಿತ್ತೆಂದು ನನ್ನ ಎಣಿಕೆ.

ಆದರೆ ಅಷ್ಟರಲ್ಲಿ ಎಚ್‌ಐವಿ ಬಂದಿತ್ತು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಅದು ಕಾಲಿಟ್ಟ ಬಗೆಯನ್ನು ಹೇಳುವಾಗ ಎಲ್ಲರ ಬೆರಳೂ ಸವದತ್ತಿಯ ಎಲ್ಲಮ್ಮನ ಗುಡ್ಡದತ್ತ ತಿರುಗುತ್ತಿತ್ತು. ಮುತ್ತು ಕಟ್ಟುವ ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ರಾಜ್ಯ 1982ರಲ್ಲೇ ತಂದಿದ್ದರೂ ಪದ್ಧತಿಯ ಬಲೆಗೆ ಸಿಕ್ಕ ಬಡ ದಲಿತ ಹೆಣ್ಣುಮಕ್ಕಳ ಬದುಕು ಕಾನೂನಿನಷ್ಟು ಬೇಗ ಬದಲಾಗಲಿಲ್ಲ ಎಂಬುದು ನಿಜ. ಆದರೆ ಸೋಂಕು ಗುಡ್ಡದಿಂದ ಇಳಿದು ಬಂದದ್ದಲ್ಲ. ದುಡಿಮೆಗೆಂದು ಗೋವಾ, ಕೊಲ್ಹಾಪುರ, ಪುಣೆ, ಮುಂಬಯಿಗೆ ಹೋಗಿ ಬರುವ ಗಂಡಸರ ಜೊತೆಯಲ್ಲಿಯೂ ಅದು ಪ್ರಯಾಣ ಮಾಡಿತು. ರಾಮದುರ್ಗಕ್ಕೆ ಹೊಂದಿಕೊಂಡ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಸಾಮಾನ್ಯ ಜನರ ನಡುವೆಯೇ ನಡೆದ ಅಧ್ಯಯನವೊಂದರಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರು ಸೋಂಕಿತರಿದ್ದರು. ಅವರಲ್ಲಿ ಗಂಡನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಕಾಣದ ಗೃಹಿಣಿಯರೂ ಇದ್ದರೆಂಬುದನ್ನು ಹೇಳಲು ಅಧ್ಯಯನ ಬೇಕಿಲ್ಲ. ನಮ್ಮ ಹೊರರೋಗಿ ವಿಭಾಗದ ಬೆಂಚೇ ಸಾಕಿತ್ತು.

ಎಚ್‌ಐವಿ ಸೋಂಕಿತರನ್ನು ಕೊಲ್ಲುವ ರೋಗಗಳಲ್ಲಿ ಕ್ಷಯಕ್ಕೆ ಮೊದಲ ಸ್ಥಾನ. ಅದೇ ಜನರಲ್ಲಿ ಅದನ್ನು ಕಂಡುಹಿಡಿಯುವುದೂ ಕಷ್ಟ. ಈ ವಿಪರ್ಯಾಸದ ಒಳಗುಟ್ಟನ್ನು ಓದುಗರು ತಿಳಿಯುವುದು ಒಳ್ಳೆಯದು. ಕ್ಷಯದ ಎಕ್ಸ್‌ರೇಯಲ್ಲಿ ನಾವು ಸಾಮಾನ್ಯವಾಗಿ ಹುಡುಕುವುದು ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿಯ ಮಬ್ಬು, ಅದರ ನಡುವೆ ಪೊಳ್ಳಾದ ಕುಳಿ. ಈ ಕುಳಿಯನ್ನು ತೋಡಿದ್ದು ಸೂಕ್ಷ್ಮಾಣು ಒಂದೇ ಎಂದು ತಿಳಿದರೆ ತಪ್ಪು. ಸೂಕ್ಷ್ಮಾಣುವನ್ನು ಸುತ್ತುಗಟ್ಟಿ ಸುಡಹೊರಟ ದೇಹದ ರಕ್ಷಣಾಪಡೆಯೇ ತನ್ನ ಮನೆಯ ಗೋಡೆಯನ್ನೂ ಕೆಡವಿಕೊಂಡಿರುತ್ತದೆ. ಆ ಪಡೆಯ ದಳಪತಿಗಳು ಸಿಡಿ4 ಎಂಬ ಬಿಳಿ ರಕ್ತಕಣಗಳು. ಎಚ್‌ಐವಿ ಕೊಲ್ಲುವುದು ಇವನ್ನೇ. ರಕ್ತದ ಪ್ರತಿ ಘನ ಮಿಲಿಮೀಟರಿನಲ್ಲಿ ಸಿಡಿ4 ಕಣಗಳು 350ಕ್ಕಿಂತ ಹೆಚ್ಚಿರುವಾಗ ಸೋಂಕಿತನ ಎಕ್ಸ್‌ರೇ ಬಹುಮಟ್ಟಿಗೆ ಎಲ್ಲರಂತೆಯೇ ಇರುತ್ತದೆ. 200ಕ್ಕಿಂತ ಕೆಳಗಿಳಿದಾಗ ಚಿತ್ರ ಬದಲಾಗುತ್ತದೆ. ಕುಳಿ ಕಾಣುವುದಿಲ್ಲ. ಮಬ್ಬು ಮೇಲ್ಭಾಗದಲ್ಲಿರುವ ಬದಲು ಕೆಳಭಾಗದಲ್ಲಿ ಇದ್ದು ಸಾಮಾನ್ಯ ನ್ಯುಮೋನಿಯಾದಂತೆ ಮೋಸಮಾಡುತ್ತದೆ. ಎದೆಯ ನಡುವಿನ ದುಗ್ಧಗ್ರಂಥಿಗಳು ಉಬ್ಬಿ ಹೃದಯದ ನೆರಳಿನ ಅಂಚು ಅಗಲವಾಗುತ್ತದೆ. ಕೆಲವೊಮ್ಮೆ ನವಣೆಕಾಳು ಚೆಲ್ಲಿದಂತೆ ಎರಡೂ ಶ್ವಾಸಕೋಶಗಳ ತುಂಬ ಸಣ್ಣ ಚುಕ್ಕೆಗಳು. ಕೆಲವರಲ್ಲಿ, ಕಫದ ಕೃಷಿಯಲ್ಲಿ ಸೂಕ್ಷ್ಮಾಣು ಬೆಳೆದಿದ್ದರೂ, ಎಕ್ಸ್‌ರೇ ತೊಳೆದಿಟ್ಟಂತೆ ಶುಭ್ರ.

ಅಂದರೆ ಫಿಲ್ಮಿನ ಮೇಲೆ ಬರೆಯುವುದು ರೋಗ ಮತ್ತು ರೋಗಿಯ ದೇಹ ಇಬ್ಬರೂ ಸೇರಿ. ದೇಹಕ್ಕೆ ಬರೆಯುವ ತ್ರಾಣವಿಲ್ಲದಾಗ ಹಾಳೆ ಖಾಲಿ ಉಳಿಯುತ್ತದೆ. ಕುಳಿಯೇ ಇಲ್ಲದ ಮೇಲೆ ಕಫಕ್ಕೆ ಬರುವ ಸೂಕ್ಷ್ಮಾಣುಗಳೂ ಕಡಿಮೆ. ಹೀಗಾಗಿ ಸೂಕ್ಷ್ಮದರ್ಶಕವೂ ಇಲ್ಲ ಎನ್ನುತ್ತದೆ. ಬೆಂಗಳೂರಿನ ಸಂಸ್ಥೆಯು ವಿವೇಕದಿಂದ ಕಟ್ಟಿದ್ದ ಕಫಾಧಾರಿತ ವ್ಯವಸ್ಥೆ ಈ ರೋಗಿಗಳ ಮುಂದೆ ಕೈಚೆಲ್ಲಿದ್ದು ಹೀಗೆ.

ಎಚ್‌ಐವಿಗೆ ಉಚಿತ ಎಆರ್‌ಟಿ ಔಷಧವನ್ನು ಸರ್ಕಾರ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ಅದಾದ ಕೆಲವು ವರ್ಷಗಳ ನಂತರ ಮಲಪ್ರಭೆಯ ದಂಡೆಯ ಹಳ್ಳಿಯೊಂದರಿಂದ ಬಂದ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನೆನಪಿನಲ್ಲಿ ಉಳಿದಿದ್ದಾಳೆ. ಗಂಡ ತೀರಿಹೋಗಿದ್ದ. ಆಕೆಗೆ ತಿಂಗಳಿನಿಂದ ಜ್ವರ, ರಾತ್ರಿ ಬೆವರು; ರವಿಕೆಗಳು ಸಡಿಲವಾಗಿದ್ದವು, ಕೆಮ್ಮು ಅಷ್ಟಕ್ಕಷ್ಟೆ. ಫಿಲ್ಮನ್ನು ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿ ತಂದಿದ್ದಳು. ಬಸ್ಸಿನಲ್ಲಿ ಎದಿ ಫೋಟೊ ಹಿಡಿದವರನ್ನು ಜನ ನೋಡುವ ಬಗೆ ಆಕೆಗೆ ಗೊತ್ತಿತ್ತು. ಬೇರೆಲ್ಲೋ ಆ ಫೋಟೊ ನೋಡಿದವರು ಎದೆಯಲ್ಲಿ ಏನೂ ಇಲ್ಲವೆಂದು ಬರೆದುಕೊಟ್ಟಿದ್ದರು. ಕಫದಲ್ಲಿಯೂ ಏನೂ ಕಂಡಿರಲಿಲ್ಲ. ದೊಡ್ಡ ಜಡ್ಡು ಇಲ್ಲವೆಂದು ಮನೆಯವರು ಸಮಾಧಾನಪಟ್ಟು ಮೂರು ವಾರ ಮನೆಮದ್ದಿನಲ್ಲಿ ಕಳೆದಿದ್ದರು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರೆ ಶ್ವಾಸಕೋಶ ನಿಜಕ್ಕೂ ಶುಭ್ರವಾಗಿತ್ತು. ಆದರೆ ಬಲಗಡೆ ಹೃದಯದ ನೆರಳಿನ ಮೇಲಂಚು ಇರಬೇಕಾದುದಕ್ಕಿಂತ ತುಸು ದಪ್ಪ. ಕುತ್ತಿಗೆಯನ್ನು ಮುಟ್ಟಿದಾಗ ಹುಣಸೆಬೀಜದಷ್ಟು ದಪ್ಪದ ಗಂಟು ಸಿಕ್ಕಿತು. ಸೂಜಿಯಿಂದ ತೆಗೆದ ಅದರ ದ್ರವದಲ್ಲಿ ಕ್ಷಯದ ಸೂಕ್ಷ್ಮಾಣುಗಳಿದ್ದವು. ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಕಂಡಿತು.

ಕ್ಷಯದ ಔಷಧ ಆರಂಭವಾಯಿತು, ಕೆಲವು ವಾರಗಳ ಮೇಲೆ ಎಆರ್‌ಟಿಯೂ ಆರಂಭವಾಯಿತು. ಜ್ವರ ಇಳಿದು ಊಟ ಸೇರತೊಡಗಿತು. ಅಷ್ಟರಲ್ಲಿ ಮತ್ತೆ ಜ್ವರ ಏರಿತು, ಕುತ್ತಿಗೆಯ ಗಂಟು ಊದಿತು. ಹೊಸ ಎಕ್ಸ್‌ರೇ ಮೊದಲಿನದಕ್ಕಿಂತ ಭೀಕರವಾಗಿತ್ತು. ಶುಭ್ರವಾಗಿದ್ದ ಶ್ವಾಸಕೋಶದಲ್ಲಿ ಮಬ್ಬು ಹರಡಿತ್ತು. ಈ ಗುಳಿಗೆಗಳೇ ಕೊಲ್ಲುತ್ತಿವೆ, ನಿಲ್ಲಿಸಿಬಿಡಿ ಎಂದು ಆಕೆಯ ಅಣ್ಣ ಹಟ ಹಿಡಿದ. ಅವನ ತರ್ಕದಲ್ಲಿ ತಪ್ಪೇನಿರಲಿಲ್ಲ. ಎಆರ್‌ಟಿಯಿಂದ ಚೇತರಿಸಿಕೊಂಡ ರಕ್ಷಣಾಪಡೆ ಅಲ್ಲಿಯವರೆಗೆ ಕಾಣದಿದ್ದ ಶತ್ರುವನ್ನು ಕಂಡು ಒಮ್ಮೆಲೇ ಮೇಲೆರಗಿದಾಗ ಹೀಗಾಗುತ್ತದೆ. ಔಷಧ ಫಲಿಸುತ್ತಿರುವುದರ ಲಕ್ಷಣವೇ ಎಕ್ಸ್‌ರೇಯಲ್ಲಿ ರೋಗ ಉಲ್ಬಣಿಸಿದಂತೆ ಕಾಣುತ್ತದೆ. ಔಷಧಕ್ಕೆ ಬಗ್ಗದ ಕ್ಷಯವಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ಊತ ಇಳಿಸುವ ಔಷಧವನ್ನು ಕೆಲವು ವಾರ ಕೊಟ್ಟು, ಎರಡೂ ಚಿಕಿತ್ಸೆಗಳನ್ನು ಮುಂದುವರಿಸಿದೆವು. ಅಣ್ಣನಿಗೆ ಇದನ್ನು ವಿವರಿಸಲು ಒಂದು ಮಧ್ಯಾಹ್ನವೇ ಬೇಕಾಯಿತು. ಬೆಂಕಿ ಹತ್ತಿದ ಬಣವೆಗೆ ನೀರು ಹೊಡೆದಾಗ ಮೊದಲು ಏಳುವುದು ಹೊಗೆಯೇ ಎಂಬ ಮಾತು ಅವನಿಗೆ ಹಿಡಿಸಿತು. ಆಕೆ ಗುಣವಾದಳು, ಬಹಳ ವರ್ಷ ತಿಂಗಳು ತಪ್ಪದೆ ಗುಳಿಗೆಗೆ ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಇಂದು ಪರಿಸ್ಥಿತಿ ಸುಧಾರಿಸಿದೆ. ಸೂಕ್ಷ್ಮಾಣುವಿನ ವಂಶವಾಹಿಯನ್ನೇ ಎರಡು ಗಂಟೆಗಳಲ್ಲಿ ಗುರುತಿಸುವ ಯಂತ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿಗೆ ಕೊಟ್ಟಿತು; ಸಿಬಿನ್ಯಾಟ್ ಎಂಬ ಹೆಸರಿನಲ್ಲಿ ಅದು ನಮ್ಮ ಜಿಲ್ಲೆಗಳಿಗೂ ಬಂದಿದೆ. ತೀರಾ ಬಳಲಿದ ಸೋಂಕಿತರಲ್ಲಿ ಮೂತ್ರದಿಂದಲೇ ಕ್ಷಯವನ್ನು ಪತ್ತೆಹಚ್ಚುವ ಪರೀಕ್ಷೆಯೂ ಇದೆ. ಕೆಮ್ಮು, ಜ್ವರ, ತೂಕದ ಇಳಿಕೆ, ರಾತ್ರಿ ಬೆವರು ಈ ನಾಲ್ಕನ್ನು ಎಚ್‌ಐವಿ ಸೋಂಕಿತರಿಗೆ ಪ್ರತಿ ಭೇಟಿಯಲ್ಲೂ ಕೇಳುವ ಕ್ರಮ 2011ರಿಂದ ಬಂದಿತು. ಎಆರ್‌ಟಿ ತೆಗೆದುಕೊಳ್ಳುತ್ತಿರುವವರಲ್ಲಿ ಈ ನಾಲ್ಕು ಪ್ರಶ್ನೆಗಳು ಬಹಳಷ್ಟು ರೋಗಿಗಳನ್ನು ಬಿಟ್ಟುಬಿಡುತ್ತವೆಂದು ತಿಳಿದುಬಂದ ಮೇಲೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೋಂಕಿತರ ತಪಾಸಣೆಗೆ ಎದೆಯ ಎಕ್ಸ್‌ರೇಯನ್ನೂ ಬಳಸಬಹುದೆಂದು ಹೇಳಿತು. ಹಿಂದಿನ ಬೆಂಚಿಗೆ ಹೋಗಿದ್ದ ವಿದ್ಯಾರ್ಥಿ ಹೀಗೆ ಮತ್ತೆ ಮುಂದೆ ಬಂದ. ಅದೇ ವರ್ಷ, ಹದಿನೈದು ವರ್ಷ ಮೀರಿದವರ ಎಕ್ಸ್‌ರೇಯನ್ನು ವೈದ್ಯನ ಬದಲು ಗಣಕಯಂತ್ರ ಓದುವುದಕ್ಕೂ ಸಂಸ್ಥೆ ಸಮ್ಮತಿಸಿತು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಎಕ್ಸ್‌ರೇ ಯಂತ್ರಗಳು ಹಳ್ಳಿಗಳಿಗೆ ಹೋದವು. 1950ರ ದಶಕದ ವಾಹನದ ಮೊಮ್ಮಕ್ಕಳೆಂದು ಇವನ್ನು ಕರೆಯಬಹುದು.

ಇವೆಲ್ಲ ಸ್ವಾಗತಾರ್ಹ. ಆದರೂ ನನ್ನದೊಂದು ಅಳುಕಿದೆ. ಗಣಕಯಂತ್ರಕ್ಕೆ ಓದು ಕಲಿಸುವುದು ಹಳೆಯ ಫಿಲ್ಮುಗಳಿಂದ. ಅದು ಕಲಿತದ್ದರಲ್ಲಿ ಕುಳಿ ಬಿದ್ದ, ಮೇಲ್ಭಾಗ ಮಸುಕಾದ ಶ್ವಾಸಕೋಶಗಳೇ ಹೆಚ್ಚಿದ್ದರೆ, ಶುಭ್ರ ಶ್ವಾಸಕೋಶದ ಪಕ್ಕದ ದಪ್ಪ ಅಂಚನ್ನು ಅದು ಹೇಗೆ ಗುರುತಿಸೀತು? ಹಿಂದೆ ಕ್ಷಯ ಬಂದು ವಾಸಿಯಾದವರ ಹಳೆಯ ಕಲೆಗಳನ್ನು ಕಂಡು ಅದು ಸುಮ್ಮನೆ ಗಾಬರಿಪಡಿಸುವುದೂ ಉಂಟು. ಯಂತ್ರವು ಇಷ್ಟು ಅಂಕ ಎಂದು ತೋರಿಸಿದೊಡನೆ ಅದೇ ತೀರ್ಪಾಗಿಬಿಡುವ ಅಪಾಯ ನಮ್ಮ ಅವಸರದ ಹೊರರೋಗಿ ವಿಭಾಗಗಳಲ್ಲಿ ಇದ್ದೇ ಇದೆ. ಎಚ್‌ಐವಿ ಇದ್ದವರಲ್ಲಿ ಸಹಜವೆಂದು ಬಂದ ಎಕ್ಸ್‌ರೇಯನ್ನು ಮುಂದಿನ ಪರೀಕ್ಷೆ ನಿಲ್ಲಿಸಲು ಕಾರಣವಾಗಿ ಬಳಸಕೂಡದು ಎಂಬ ಒಂದು ಸಾಲು ಪ್ರತಿ ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಗೋಡೆಯ ಮೇಲೆ ಇರಬೇಕೆಂಬುದು ನನ್ನ ಆಗ್ರಹ. ಅದಕ್ಕೆ ಖರ್ಚಾಗುವುದು ಒಂದು ಡಬ್ಬಿ ಬಣ್ಣ.

1900ರಲ್ಲಿ ಮ್ಯೂನಿಕ್‌ಗೆ ಹೋದ ರಾಂಟ್‌ಜೆನ್‌ನ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಕ್ಯಾಥೋಡ್ ಕಿರಣಗಳ ಮೇಲೆ ತನಗಿಂತ ಮೊದಲೇ ಕೆಲಸ ಮಾಡಿದ್ದ ಫಿಲಿಪ್ ಲೆನಾರ್ಡ್ ಈ ಶೋಧದ ಕೀರ್ತಿ ತನಗೆ ಸಲ್ಲಬೇಕಿತ್ತೆಂದು ಕೊನೆಯವರೆಗೂ ಕಹಿಯಾಗಿಯೇ ಉಳ��ದ. ರಾಂಟ್‌ಜೆನ್ ವಾದಕ್ಕಿಳಿಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ದೇಶಕ್ಕೆಂದು ತನ್ನ ಚಿನ್ನದ ಪದಕವನ್ನು ಕೊಟ್ಟುಬಿಟ್ಟ. ದೀರ್ಘಕಾಲ ನರಳಿದ ಬರ್ತಾಳಿಗೆ ನೋವು ತಡೆಯುವ ಚುಚ್ಚುಮದ್ದನ್ನು ತಾನೇ ಕೊಡುತ್ತಿದ್ದ. ಆಕೆ 1919ರಲ್ಲಿ ತೀರಿಕೊಂಡಳು. ಯುದ್ಧಾನಂತರ ಜರ್ಮನಿಯ ನಾಣ್ಯ ಕುಸಿದಾಗ ಆತನ ಉಳಿತಾಯವೂ ಕರಗಿತು. 1923ರ ಫೆಬ್ರವರಿ 10ರಂದು, ಕರುಳಿನ ಕ್ಯಾನ್ಸರ್‌ನಿಂದ ಮ್ಯೂನಿಕ್‌ನಲ್ಲಿ ಆತ ನಿಧನನಾದ. ಅಸ್ಥಿಯನ್ನು ಗೀಸನ್‌ನ ಹಳೆಯ ಸ್ಮಶಾನದಲ್ಲಿ, ತಂದೆತಾಯಿ ಮತ್ತು ಹೆಂಡತಿಯ ಬಳಿ ಇರಿಸಿದರು. ತನ್ನ ಟಿಪ್ಪಣಿಗಳನ್ನೂ ಪತ್ರಗಳನ್ನೂ ಸುಟ್ಟುಬಿಡಬೇಕೆಂದು ಆತ ಬರೆದಿಟ್ಟಿದ್ದ. ಗೆಳೆಯರು ಹಾಗೆಯೇ ಮಾಡಿದರು. ಆ ಏಳು ವಾರಗಳ ಬಗ್ಗೆ ಉಳಿದಿರುವುದು ಅಚ್ಚಾದ ಚಿಕ್ಕ ಪ್ರಬಂಧ ಮತ್ತು ಉಂಗುರ ತೊಟ್ಟ ಕೈಯ ಚಿತ್ರ.